ಬೌಂಡರಿಯಲ್ಲಿ ನಿಂತವಳ ಲೆಕ್ಕ ಯಾವ ಪುಸ್ತಕದಲ್ಲಿದೆ?

ರಾಗಿ ಕೊಯ್ಲು ಮುಗಿದು ಹೊಲ ಖಾಲಿಯಾಯಿತು ಅಂದ್ರೆ ನಮ್ಮ ಅಂತರಘಟ್ಟೆ ಕಡೆ ಭಾನುವಾರ ಟೆನ್ನಿಸ್ ಬಾಲ್ ಮ್ಯಾಚು ಗ್ಯಾರಂಟಿ. ಒಂದು ಕಡೆ ಮೂರು ಕಡ್ಡಿ, ಇನ್ನೊಂದು ಕಡೆ ಒಂದು ಕಲ್ಲು. ಬೌಂಡರಿಗೆ ಸುಣ್ಣದ ಗೆರೆ ಯಾರೂ ಎಳೆಯೋದಿಲ್ಲ. ಒಂದು ಬದಿಗೆ ಹೊಲದ ಬದು, ಇನ್ನೊಂದು ಬದಿಗೆ ಜಾಲಿ ಬೇಲಿ. ಬದು ದಾಟಿದರೆ ನಾಲ್ಕು. ಬೇಲಿಯೊಳಗೆ ಹೋದರೆ ಹುಡುಕೋರು ಯಾರು ಅನ್ನೋದಕ್ಕೆ ಒಂದು ಜಗಳ.

ಈ ಸಲದ ಒಂದು ಮ್ಯಾಚಿನಲ್ಲಿ ಒಬ್ಬ ಕಡಿಮೆ ಬಿದ್ದ. ನಮ್ಮೂರಿನ ಒಬ್ಬ ಹುಡುಗಿಯನ್ನು ಸೇರಿಸಿಕೊಂಡರು. ಡಿಗ್ರಿ ಎರಡನೇ ವರ್ಷ ಓದ್ತಾಳೆ, ಕಾಲೇಜಿನ ಕ್ರಿಕೆಟ್ ತಂಡದಲ್ಲಿ ಆಡ್ತಾಳೆ. ಅವಳನ್ನು ನಿಲ್ಲಿಸಿದ್ದು ಎಲ್ಲಿ ಅಂತ ನೀವೇ ಊಹಿಸಬಹುದು. ಜಾಲಿ ಬೇಲಿ ಹತ್ತಿರ. ಬ್ಯಾಟಿಂಗ್ ಸಿಗಲಿಲ್ಲ, ಬೌಲಿಂಗ್ ಅಂತೂ ಯಾರೂ ಕೇಳಲೇ ಇಲ್ಲ. ಆದರೆ ಬೇಲಿಗೆ ಹೋಗಬೇಕಿದ್ದ ನಾಲ್ಕು ಹೊಡೆತಗಳನ್ನು ಓಡಿ ಬಂದು ಅವಳೇ ತಡೆದಳು. ಒಂದೊಂದಕ್ಕೂ ಒಂದೇ ರನ್ ಹೋಯಿತು. ಹನ್ನೆರಡು ರನ್ ಉಳಿಯಿತು. ಆ ತಂಡ ಸೋತಿತು ಅನ್ನೋದು ಬೇರೆ ಮಾತು.

ಸಂಜೆ ಸ್ಕೋರ್ ಬರೆದ ನೋಟ್‌ಬುಕ್ ತೆಗೆದು ನೋಡಿದೆವು. ಅವಳ ಹೆಸರು ಎಲ್ಲೂ ಇರಲಿಲ್ಲ.

ನಾವು ಅವಳನ್ನು ಕೇಳಿದೆವು, ಯೂನಿವರ್ಸಿಟಿ ಟೀಮ್ ಸೆಲೆಕ್ಷನ್‌ಗೆ ಹೋಗಿದ್ಯಲ್ಲಾ, ಏನಾಯ್ತಮ್ಮ ಅಂತ. "ಎಷ್ಟು ರನ್ ಹೊಡ್ದಿದೀಯ, ಎಷ್ಟು ವಿಕೆಟ್ ತೆಗ್ದಿದೀಯ ಅಂತ ಕೇಳಿದ್ರು ಅಣ್ಣ. ನಾನು ಹೋಗೋದು ಎಂಟನೇಯವಳಾಗಿ. ಹೇಳೋಕೆ ಏನಿತ್ತು? ಫೀಲ್ಡಿಂಗ್ ಚೆನ್ನಾಗಿ ಮಾಡ್ತೀನಿ ಸಾರ್ ಅಂದೆ. ಎಲ್ಲರೂ ಹಂಗೇ ಹೇಳ್ತಾರಮ್ಮ ಅಂದ್ರು." ಆಯ್ಕೆ ಮಾಡಿದವರನ್ನು ಬೈಯೋಕೆ ಈ ಲೇಖನ ಬರೀತಿಲ್ಲ. ಅವರ ಮುಂದೆ ಇದ್ದ ಹಾಳೆಯಲ್ಲಿ ಎರಡೇ ಕಾಲಂ ಇದ್ದರೆ ಅವರು ತಾನೇ ಏನು ಮಾಡ್ತಾರೆ? ನಮ್ಮ ತಕರಾರು ಆ ಹಾಳೆಯ ಮೇಲೆ.

ಇದನ್ನು ಯೋಚಿಸ್ತಾ ಕೂತಾಗ ನಮ್ಮ ಗುಂಪಿನಲ್ಲಿ ಒಬ್ಬರು ಬೇಸ್‌ಬಾಲ್ ವಿಷಯ ತೆಗೆದರು. ಅಂತರಘಟ್ಟೆಗೂ ಬೇಸ್‌ಬಾಲ್‌ಗೂ ಏನು ಸಂಬಂಧ ಅಂತ ನಗಬೇಡಿ. ನಮ್ಮ ದೇಶದಲ್ಲೂ ಅಂತರ ವಿಶ್ವವಿದ್ಯಾಲಯ ಬೇಸ್‌ಬಾಲ್ ಟೂರ್ನಿ ನಡೆಯುತ್ತೆ. ಅಮೆರಿಕದಲ್ಲಂತೂ ಕಾಲೇಜು ಬೇಸ್‌ಬಾಲ್ ಅಂದ್ರೆ ಜಾತ್ರೆ. ಒಂದು ತಂಡಕ್ಕೆ ಒಂಬತ್ತು ಜನ. ಅದರಲ್ಲಿ ಮೂವರು ದೂರದಲ್ಲಿ, ಹುಲ್ಲಿನ ಬಯಲಲ್ಲಿ ನಿಲ್ತಾರೆ. ಅವರಿಗೆ ಔಟ್‌ಫೀಲ್ಡರ್ ಅಂತಾರೆ. ಅಷ್ಟು ದೊಡ್ಡ ಬಯಲು ಕಾಯೋಕೆ ಮೂರೇ ಜನ. ಎತ್ತಿ ಹೊಡೆದ ಚೆಂಡು ನೆಲಕ್ಕೆ ಬೀಳೋ ಮೊದಲು ಹಿಡಿಯಬೇಕು, ಬಿದ್ದರೆ ಓಡುವವನು ಮುಂದಿನ ನೆಲೆ ಮುಟ್ಟುವಷ್ಟರಲ್ಲಿ ಎಸೆಯಬೇಕು.

ನಮಗೆ ಹಿಡಿಸಿದ್ದು ಅವರು ಲೆಕ್ಕ ಬರೆಯೋ ರೀತಿ. ಕಾಲೇಜು ಹುಡುಗನೇ ಆಗಲಿ, ಅವನ ಹೆಸರಿನ ಮುಂದೆ ಹೊಡೆದದ್ದರ ಜೊತೆಗೆ ಇನ್ನೂ ಮೂರು ಅಂಕಿ ಇರುತ್ತೆ. ತಾನೇ ಹಿಡಿದು ಔಟ್ ಮಾಡಿದ್ದು ಎಷ್ಟು, ಎಸೆದು ಔಟ್ ಮಾಡಿಸೋಕೆ ನೆರವಾದದ್ದು ಎಷ್ಟು, ಮಾಡಬಹುದಾಗಿದ್ದ ಕೆಲಸ ಕೆಡಿಸಿದ್ದು ಎಷ್ಟು. ಮೈದಾನದ ದೊಡ್ಡ ಬೋರ್ಡಿನಲ್ಲೂ ರನ್ನು, ಹೊಡೆತ, ಅದರ ಪಕ್ಕದಲ್ಲೇ ತಪ್ಪು ಅಂತ ಒಂದು ಕಾಲಂ. ಎಲ್ಲರಿಗೂ ಕಾಣೋ ಹಾಗೆ. ಅಲ್ಲಿ ಎಸೆದವನ ಹೆಸರು ಬಿಟ್ಟು ಹೋಗೋದಿಲ್ಲ. ನಮ್ಮ ಊರಿನ ನೋಟ್‌ಬುಕ್ಕಿನಲ್ಲಿ ಬರೀ ರನ್‌ಔಟ್ ಅಂತ ಬರೀತೀವಿ. ಮೂವತ್ತು ಗಜದಿಂದ ನೇರ ಕಡ್ಡಿಗೆ ಹೊಡೆದವನು ಯಾರು ಅಂತ ಮಾರನೇ ದಿನ ಯಾರಿಗೂ ನೆನಪಿರೋದಿಲ್ಲ.

ಇಂಥ ಲೆಕ್ಕದಿಂದ ಏನಾಗುತ್ತೆ ಅನ್ನೋದಕ್ಕೆ ಒಬ್ಬನ ಕಥೆ ಹೇಳ್ತೀವಿ. ಜಾಕಿ ಬ್ರಾಡ್ಲಿ ಜೂನಿಯರ್ ಅಂತ, ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಔಟ್‌ಫೀಲ್ಡರ್. 2010ರಲ್ಲಿ ಆ ತಂಡ ಕಾಲೇಜುಗಳ ರಾಷ್ಟ್ರಮಟ್ಟದ ಪಟ್ಟ ಗೆದ್ದಾಗ ಟೂರ್ನಿಯ ಶ್ರೇಷ್ಠ ಆಟಗಾರ ಇವನೇ. 2011ರಲ್ಲೂ ಆ ಕಾಲೇಜೇ ಗೆದ್ದಿತು. ಅದೇ ವರ್ಷ ಬೋಸ್ಟನ್ ರೆಡ್ ಸಾಕ್ಸ್ ಅನ್ನೋ ದೊಡ್ಡ ತಂಡ ಅವನನ್ನು ಆರಿಸಿಕೊಂಡಿತು, 2013ರಲ್ಲಿ ಮೈದಾನಕ್ಕೆ ಇಳಿದ. ಆದರೆ ದೊಡ್ಡವರ ಆಟದಲ್ಲಿ ಬ್ಯಾಟು ಅಷ್ಟಾಗಿ ಮಾತಾಡಲಿಲ್ಲ. ಅಲ್ಲಿ ನೂರು ಸಲಕ್ಕೆ ಮೂವತ್ತು ಸಲ ಚೆಂಡು ಸರಿಯಾಗಿ ಹೊಡೆದು ನೆಲೆ ಮುಟ್ಟಿದರೆ ಒಳ್ಳೆ ಬ್ಯಾಟರ್ ಅಂತಾರೆ. ಇವನದು 2018ರಲ್ಲಿ ಇಪ್ಪತ್ತಮೂರು ಚಿಲ್ಲರೆ. ನಮ್ಮಲ್ಲಾಗಿದ್ದರೆ ಡ್ರಿಂಕ್ಸ್ ತರೋಕೆ ಕಳಿಸ್ತಿದ್ದರು. ಅಲ್ಲಿ ಅದೇ ವರ್ಷ ಅವನಿಗೆ ಗೋಲ್ಡ್ ಗ್ಲೌವ್ ಪ್ರಶಸ್ತಿ ಬಂತು. 1957ರಿಂದ ಬರೀ ಫೀಲ್ಡಿಂಗ್‌ಗೆ ಅಂತಲೇ ಕೊಡುವ ಪ್ರಶಸ್ತಿ ಅದು. ಅದೇ ವರ್ಷ ಅವನ ತಂಡ ವರ್ಲ್ಡ್ ಸೀರೀಸ್ ಕೂಡ ಗೆದ್ದಿತು. ಹಿಡಿಯೋದು, ಓಡೋದು, ಎಸೆಯೋದು ಇವುಗಳ ಬಲದ ಮೇಲೆ ಒಬ್ಬ ಮನುಷ್ಯ ವರ್ಷಗಟ್ಟಲೆ ದೊಡ್ಡ ತಂಡದಲ್ಲಿ ಜಾಗ ಉಳಿಸಿಕೊಂಡ. ಅವನ ಕೆಲಸ ಕಾಗದದ ಮೇಲಿತ್ತು.

ಈಗ ನಮ್ಮ ಪಕ್ಕದ ಕಡೂರಿಗೆ ಬರೋಣ.

ವೇದಾ ಕೃಷ್ಣಮೂರ್ತಿ ಹುಟ್ಟಿದ್ದು 1992ರ ಅಕ್ಟೋಬರ್‌ನಲ್ಲಿ, ಕಡೂರಿನಲ್ಲಿ. ಗಂಡುಹುಡುಗರ ಜೊತೆ ಬೀದಿಯಲ್ಲಿ ಆಡಿ ಬೆಳೆದವರು, ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದವರು. ಬೆಂಗಳೂರಿಗೆ ಹೋಗಿ ತರಬೇತಿ ಪಡೆದು 2011ರ ಜೂನ್ 30ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ಭಾರತದ ಪರ ಮೊದಲ ಏಕದಿನ ಪಂದ್ಯ ಆಡಿದರು. ಆಗ ಹದಿನೆಂಟು ವರ್ಷ. ಆ ದಿನವೇ 51 ರನ್. 2017ರ ವಿಶ್ವಕಪ್‌ನಲ್ಲಿ, ಅದೇ ಡರ್ಬಿಯಲ್ಲಿ, ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ಹೊಡೆದದ್ದು ನಮ್ಮಲ್ಲಿ ಬಹಳ ಜನಕ್ಕೆ ನೆನಪಿದೆ. ಆವತ್ತು ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್ನಿಗೆ 5 ವಿಕೆಟ್ ಕಿತ್ತು ನ್ಯೂಜಿಲೆಂಡನ್ನು 79ಕ್ಕೆ ಮುಗಿಸಿದರು. ಒಂದೇ ಪಂದ್ಯದಲ್ಲಿ ಕರ್ನಾಟಕದ ಇಬ್ಬರು ಹುಡುಗಿಯರು! ಲಾರ್ಡ್ಸ್ ಫೈನಲ್‌ನಲ್ಲಿ ವೇದಾ 34 ಎಸೆತಕ್ಕೆ 35 ಹೊಡೆದರು, ಭಾರತ 9 ರನ್ನಿನಿಂದ ಸೋತಿತು.

ಒಂಬತ್ತೇ ರನ್. ಬೌಂಡರಿಯಲ್ಲಿ ಒಂದೊಂದು ರನ್ ಉಳಿಸೋದಕ್ಕೆ ಬೆಲೆ ಇಲ್ಲ ಅನ್ನೋರು ಆ ಅಂಕಿಯನ್ನು ಇನ್ನೊಂದು ಸಲ ಓದಬೇಕು.

2025ರ ಜುಲೈನಲ್ಲಿ ವೇದಾ ನಿವೃತ್ತಿ ಹೇಳಿದರು. ಈಗ ಪುಸ್ತಕ ತೆರೆದರೆ ಏನು ಕಾಣುತ್ತೆ? 48 ಏಕದಿನ, 829 ರನ್, ಎಂಟು ಅರ್ಧಶತಕ. 76 ಟಿ20, 875 ರನ್. ಏಕದಿನದ ಸರಾಸರಿ 25.90, ಟಿ20ಯಲ್ಲಿ 18.61. ಇನ್ನು ಇಪ್ಪತ್ತು ವರ್ಷ ಬಿಟ್ಟು ನಮ್ಮೂರಿನ ಒಂದು ಮಗು ಇದನ್ನು ಓದಿದರೆ, ಪರವಾಗಿಲ್ಲ, ಸಾಧಾರಣ ಬ್ಯಾಟರ್ ಅಂದುಕೊಳ್ಳುತ್ತೆ. ಆದರೆ ಅವರ ಆಟ ನೋಡಿದವರಿಗೆ ಗೊತ್ತು, ಭಾರತದ ಹೆಣ್ಣುಮಕ್ಕಳ ತಂಡದಲ್ಲಿ ಬೌಂಡರಿ ಕಾಯೋ ಕೆಲಸವನ್ನೇ ಒಂದು ವಿದ್ಯೆ ಮಾಡಿಕೊಂಡವರಲ್ಲಿ ವೇದಾ ಒಬ್ಬರು. ಡೀಪ್ ಮಿಡ್‌ವಿಕೆಟ್‌ನಿಂದ ಲಾಂಗ್ ಆನ್‌ವರೆಗೆ ಓಡಿ, ಹಾರಿ ಬಿದ್ದು, ಎದ್ದು ಎಸೆಯೋದು. ಎದುರಾಳಿ ಎರಡನೇ ರನ್ನಿಗೆ ಅರ್ಧ ದಾರಿ ಬಂದು, ಚೆಂಡು ಯಾರ ಕೈಗೆ ಹೋಯಿತು ಅಂತ ನೋಡಿ ವಾಪಸ್ ಹೋಗೋದು. ಆ ವಾಪಸ್ ಹೋದ ರನ್ನು ಯಾವ ಪುಸ್ತಕದಲ್ಲಿದೆ? ಹಿಡಿದ ಕ್ಯಾಚು ಉಳಿಯುತ್ತೆ, ಅದೂ ಬರೀ ಒಂದು ಅಂಕಿಯಾಗಿ.

ಕ್ಯಾಚಿನ ಲೆಕ್ಕವೂ ಎಷ್ಟು ಬಡವಾಗಿದೆ ನೋಡಿ. 2021ರ ಜುಲೈನಲ್ಲಿ ನಾರ್ಥಾಂಪ್ಟನ್‌ನಲ್ಲಿ ಹರ್ಲೀನ್ ಡಿಯೋಲ್ ಬೌಂಡರಿ ಮೇಲೆ ಹಿಡಿದ ಕ್ಯಾಚು ನಿಮ್ಮ ಫೋನಿಗೂ ಬಂದಿರುತ್ತೆ. ಚೆಂಡು ಹಿಡಿದು, ಗೆರೆ ದಾಟೋ ಮೊದಲು ಮೇಲೆ ಎಸೆದು, ಆಚೆ ಹೋಗಿ, ಮತ್ತೆ ಒಳಗೆ ಹಾರಿ ಹಿಡಿದದ್ದು. ಸ್ಕೋರ್ ಪುಸ್ತಕದಲ್ಲಿ ಅದು ಏನು? ಏಮಿ ಜೋನ್ಸ್, ಕ್ಯಾಚ್ ಡಿಯೋಲ್, ಬೌಲ್ಡ್ ಶಿಖಾ ಪಾಂಡೆ. ನಿಂತಲ್ಲೇ ಕೈಗೆ ಬಂದು ಬಿದ್ದ ಲಾಲಿಪಾಪ್ ಕ್ಯಾಚಿಗೂ ಇದೇ ಒಂದು ಸಾಲು.

ವೇದಾ ಕೊನೆಯ ಅಂತರರಾಷ್ಟ್ರೀಯ ಪಂದ್ಯ 2020ರ ಮಾರ್ಚ್ 8, ಮೆಲ್ಬರ್ನ್, ಟಿ20 ವಿಶ್ವಕಪ್ ಫೈನಲ್. ನೋಡೋಕೆ ಬಂದಿದ್ದವರು 86,174 ಜನ. ಕಡೂರಿನ ಹುಡುಗಿ ಅಷ್ಟು ಜನರ ಮುಂದೆ ಆ ಬಯಲಲ್ಲಿ ನಿಂತಿದ್ದಳು ಅಂತ ಹೇಳೋಕೆ ನಮಗೆ ಈಗಲೂ ಮೈ ಜುಮ್ ಅನ್ನುತ್ತೆ. ಅದಾದ ಮೇಲೆ ಅವರಿಗೆ ಮತ್ತೆ ಕರೆ ಬರಲಿಲ್ಲ. 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡರು. ಅದರ ಬಗ್ಗೆ ಹೆಚ್ಚು ಬರೆಯೋಕೆ ನಮಗೆ ಹಕ್ಕಿಲ್ಲ. ಆದರೆ ರನ್ ಕಡಿಮೆಯಾದಾಗ ಜಾಗ ಹೋಗುತ್ತೆ ಅನ್ನೋ ಮಾತು ಬಂದಾಗಲೆಲ್ಲ ನಮಗೆ ಅನ್ನಿಸೋದು, ತಕ್ಕಡಿಯ ಇನ್ನೊಂದು ತಟ್ಟೆಗೆ ಉಳಿಸಿದ ರನ್ನನ್ನು ಯಾರಾದರೂ ಹಾಕಿ ತೂಗಿದ್ದರಾ?

ಒಂದು ತಪ್ಪು ನಮ್ಮದೂ ಇದೆ. ನಾವೆಲ್ಲ ಪತ್ರಿಕೋದ್ಯಮ ಓದಿ ಬಂದವರು. ಹಳ್ಳಿ ಟೂರ್ನಿಗಳ ವರದಿ ಎಷ್ಟೋ ಬರೆದಿದ್ದೀವಿ. ಹಳೇದನ್ನೆಲ್ಲ ತಿರುಗಿಸಿ ನೋಡಿದರೆ ಯಾರು ಎಷ್ಟು ಹೊಡೆದರು, ಯಾರು ಎಷ್ಟು ಕಿತ್ತರು, ಕಪ್ ಕೊಟ್ಟ ಗಣ್ಯರು ಯಾರು, ವೇದಿಕೆ ಮೇಲೆ ಕೂತವರ ಹೆಸರು ಒಂದೂ ಬಿಡದ ಹಾಗೆ. ಫೀಲ್ಡ್ ಮಾಡಿದವರ ಹೆಸರು ಒಂದೇ ಒಂದು ಇಲ್ಲ.

ನಮಗೆ ನೋಡೋಕೆ ಬರೋದಿಲ್ಲ ಅಂತಲ್ಲ. ದುರ್ಗಾಂಬ ಜಾತ್ರೆಗೆ ಪಾನಕದ ಗಾಡಿಗಳು ಬರುವಾಗ ನಮ್ಮ ಊರಿನ ಹಿರಿಯರ ಪಕ್ಕ ನಿಂತು ಕೇಳಿ. ಗಾಡಿ ಮುಂದೆ ಬಂತು ಅಂತ ಹೇಳಿ ಸುಮ್ಮನಾಗೋದಿಲ್ಲ ಅವರು. ಎಡದ ಎತ್ತು ಹೇಗೆ ಎಳೆಯಿತು, ಬಲದ್ದು ಎಲ್ಲಿ ಸೋಮಾರಿತನ ಮಾಡಿತು, ತಿರುವಿನಲ್ಲಿ ಯಾವುದು ತಡೆದುಕೊಂಡಿತು, ಎಲ್ಲ ಹೇಳ್ತಾರೆ. ಎತ್ತಿಗೆ ಸಿಗೋ ಆ ಕಣ್ಣು ಬೇಲಿ ಹತ್ತಿರ ನಿಂತ ಹುಡುಗಿಗೆ ಸಿಗಬಾರದಾ?

ಫೀಲ್ಡಿಂಗ್ ಅಳೆಯೋದು ಕಷ್ಟ ಅಂತ ಒಬ್ಬ ಮೇಷ್ಟ್ರು ನಮ್ಮ ಜೊತೆ ವಾದ ಮಾಡಿದರು. ಅವರ ಮಾತಲ್ಲಿ ಹುರುಳಿದೆ. ಬೇಸ್‌ಬಾಲ್‌ನಲ್ಲೂ ಯಾವುದು ತಪ್ಪು ಅಂತ ತೀರ್ಮಾನ ಮಾಡೋನು ಸ್ಕೋರರ್, ಅದಕ್ಕೂ ಜಗಳ ಇದ್ದೇ ಇದೆ. ಇನ್ನೊಂದು ಮೋಸವೂ ಅದರಲ್ಲಿತ್ತು. ತಪ್ಪನ್ನಷ್ಟೇ ಎಣಿಸಿದರೆ ಚೆಂಡಿನ ಹಿಂದೆ ಓಡದೇ ಇದ್ದವನ ಲೆಕ್ಕವೇ ಚೆನ್ನಾಗಿ ಕಾಣುತ್ತೆ! ಮುಟ್ಟಲೇ ಇಲ್ಲ ಅಂದ ಮೇಲೆ ಬಿಡೋದು ಎಲ್ಲಿಂದ? ಅದನ್ನು ಸರಿ ಮಾಡೋಕೆ ಅಲ್ಲಿನ ದೊಡ್ಡ ಲೀಗ್‌ನವರು 2015ರಿಂದ ಎಲ್ಲ ಮೈದಾನಗಳಲ್ಲೂ ಯಂತ್ರ ಇಟ್ಟು, ಫೀಲ್ಡರ್ ಎಷ್ಟು ದೂರ, ಎಷ್ಟು ಬೇಗ ಓಡಿದ ಅಂತ ಅಳೀತಿದ್ದಾರೆ. 2023ರ ವಿಶ್ವಕಪ್‌ನಲ್ಲಿ ನಮ್ಮ ಗಂಡಸರ ತಂಡದ ಡ್ರೆಸ್ಸಿಂಗ್ ರೂಮಿನಲ್ಲಿ ಫೀಲ್ಡಿಂಗ್ ಕೋಚ್ ದಿಲೀಪ್ ಪ್ರತಿ ಪಂದ್ಯಕ್ಕೂ ಒಂದು ಮೆಡಲ್ ಕೊಡ್ತಿದ್ದದ್ದು ನೀವು ನೋಡಿದ್ದೀರಿ, ಮೊದಲನೆಯದು ಕೊಹ್ಲಿಗೆ. ಅಂದ್ರೆ ದೊಡ್ಡವರಿಗೆ ಇದರ ಬೆಲೆ ಗೊತ್ತಾಗಿದೆ. ಗೊತ್ತಾಗಬೇಕಾಗಿರೋದು ತಾಲ್ಲೂಕು ಮಟ್ಟದಲ್ಲಿ, ಕಾಲೇಜು ಮಟ್ಟದಲ್ಲಿ. ಹೆಣ್ಣುಮಕ್ಕಳಿಗೆ ಮೊದಲು ಸಿಗೋ ಜಾಗ ಬೌಂಡರಿ. ಅಲ್ಲಿ ಮಾಡಿದ ಕೆಲಸ ಲೆಕ್ಕಕ್ಕೆ ಬರದಿದ್ದರೆ ಅವರು ಒಳಗೆ ಬರೋ ದಾರಿ ಯಾವುದು?

ನಮಗೆ ಯಂತ್ರ ಬೇಡ. ಐದು ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ನಾಲ್ಕು ಕಾಲಂ ಹಾಕಿ: ತಡೆದದ್ದು, ಹಿಡಿದದ್ದು, ಎಸೆದು ಔಟ್ ಮಾಡಿದ್ದು, ಬಿಟ್ಟದ್ದು. ಬೌಂಡರಿಗೆ ಹೋಗೇ ಹೋಗುತ್ತಿತ್ತು ಅಂತ ಸ್ಕೋರರ್ ಮತ್ತು ಅಂಪೈರ್ ಇಬ್ಬರೂ ಒಪ್ಪಿದ್ದಕ್ಕೆ ಮಾತ್ರ ಮೊದಲನೇ ಕಾಲಂನಲ್ಲಿ ಗೀಟು ಹಾಕಿ, ಇಲ್ಲದಿದ್ದರೆ ಎಲ್ಲರ ಅಕ್ಕ ತಂಗಿಯರೂ ಸೂಪರ್‌ಸ್ಟಾರ್ ಆಗಿಬಿಡ್ತಾರೆ. ಕಾಲೇಜಿನ ದೈಹಿಕ ಶಿಕ್ಷಣ ಮೇಷ್ಟ್ರುಗಳು ವರ್ಷಪೂರ್ತಿ ಹೀಗೆ ಬರೆದಿಟ್ಟು ಸಹಿ ಹಾಕಿ ಕೊಟ್ಟರೆ, ಸೆಲೆಕ್ಷನ್‌ಗೆ ಹೋದವಳ ಕೈಯಲ್ಲಿ ಒಂದು ಹಾಳೆ ಇರುತ್ತೆ. ಅದನ್ನು ಅವರು ಒಪ್ಪುತ್ತಾರೋ ಇಲ್ಲವೋ ಆಮೇಲಿನ ಮಾತು. ಹಾಳೆ ಇಲ್ಲದೆ ಹೋದರೆ ಕೇಳೋಕೂ ಏನೂ ಇರೋದಿಲ್ಲ.

ಕಳೆದ ಭಾನುವಾರದಿಂದ ನಾವು ಶುರು ಮಾಡಿದ್ದೀವಿ. ಹುಡುಗರು ಮೊದಲು ನಕ್ಕರು. ಆಮೇಲೆ ಮೂರನೇ ಓವರ್‌ಗೆ, ಅಣ್ಣ ಅದು ನಾನು ತಡೆದದ್ದು ಬರ್ಕೊಂಡ್ಯಾ ಅಂತ ಲಾಂಗ್ ಆಫ್‌ನಿಂದ ಒಬ್ಬ ಕೂಗಿದ. ಹುಡುಗಿ ಆವತ್ತೂ ಬೇಲಿ ಹತ್ತಿರವೇ ಇದ್ದಳು. ಎರಡು ತಡೆದಳು, ಒಂದು ಹಿಡಿದಳು, ಸಂಜೆ ಬಿಸಿಲು ಕಣ್ಣಿಗೆ ಹೊಡೆದು ಒಂದು ಸುಲಭದ ಕ್ಯಾಚು ಕೈಚೆಲ್ಲಿದಳು. ಪಾಪ ಅಂತ ನಾವು ನಾಲ್ಕನೇ ಕಾಲಂ ಖಾಲಿ ಬಿಟ್ಟಿದ್ದೆವು. ಮ್ಯಾಚು ಮುಗಿದ ಮೇಲೆ ಬಂದು ನೋಟ್‌ಬುಕ್ ನೋಡಿದಳು, ಪೆನ್ನು ತಗೊಂಡಳು.

"ಬಿಟ್ಟಿದ್ದೂ ಬರೀರಿ ಅಣ್ಣ. ಇಲ್ಲಾಂದ್ರೆ ಉಳಿದಿದ್ದನ್ನ ಯಾರು ನಂಬ್ತಾರೆ?" ಅಂತ ತಾನೇ ಒಂದು ಗೀಟು ಎಳೆದಳು.