ಇಂಟರ್ನೆಟ್ಟಿನ ಕ್ಯೂ, ಬ್ಯಾಂಕಿನ ಕ್ಯೂ

ಬಿ.ಕಾಂ. ಓದಿ ಬ್ಯಾಂಕು ಸೇರಿದವನಿಗೆ ರೌಟರಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಸ್ವಾಮಿ, ಕ್ಯೂ ವಿಷಯದಲ್ಲಿ ನನ್ನದು ಮೂವತ್ತು ವರ್ಷದ ಸರ್ವೀಸು! ಪುಣೆಯ ನಮ್ಮ ಮನೆಯಲ್ಲಿ ಮಗ ಫೋಟೋ ಅಪ್‌ಲೋಡ್‌ಗೆ ಹಾಕಿದರೆ ಸಾಕು, ಧಾರವಾಡದ ಅಮ್ಮನ ಜೊತೆಗಿನ ವೀಡಿಯೋ ಕಾಲ್ ಕಲ್ಲಾಗುತ್ತಿತ್ತು. ಕಂಪನಿಯವರದು ಒಂದೇ ಮಂತ್ರ, "ದೊಡ್ಡ ಪ್ಲಾನ್ ತಗೊಳ್ಳಿ ಸಾರ್". ನಾನು ಒಪ್ಪುವುದಿಲ್ಲ.

ರೌಟರಿನೊಳಗಿನ ಬಫರ್ ಅಂದರೆ ನಮ್ಮ ಬ್ರಾಂಚಿನ ಹಾಲ್ ಇದ್ದಂತೆ. ಮೆಮೊರಿ ಅಗ್ಗವಾದದ್ದೇ ತಡ, ತಯಾರಕರು ಅದನ್ನು ಕಲ್ಯಾಣಮಂಟಪದಷ್ಟು ಮಾಡಿಬಿಟ್ಟರು. ಕೌಂಟರ್ ಮಾತ್ರ ಒಂದೇ! ಟಿಸಿಪಿಯೋ, ಸಾಮಾನ್ಯವಾಗಿ ಪ್ಯಾಕೆಟ್ ಕಳೆದುಹೋಗುವ ತನಕ ವೇಗ ಏರಿಸುತ್ತಲೇ ಇರುವ ಪ್ರಾಣಿ. ಹಾಲ್ ತುಂಬುವ ತನಕ ಯಾವುದೂ ಕಳೆಯುವುದಿಲ್ಲ, ಹಾಗಾಗಿ ಹಾಲ್ ತುಂಬಿಯೇ ಇರುತ್ತದೆ. 2010-11ರಲ್ಲಿ ಜಿಮ್ ಗೆಟ್ಟಿಸ್ 'ಬಫರ್‌ಬ್ಲೋಟ್' ಅಂತ ಊರಿಗೆಲ್ಲ ಸಾರಿದ್ದು ಈ ಕಾಯಿಲೆಯನ್ನೇ.

ಮದ್ದು ಮೊದಲೇ ಇತ್ತು. 1993ರಲ್ಲಿ ಸ್ಯಾಲಿ ಫ್ಲಾಯ್ಡ್ ಮತ್ತು ವ್ಯಾನ್ ಜೇಕಬ್ಸನ್ 'ರೆಡ್' ತಂದರು. ಕ್ಯೂನ ಸರಾಸರಿ ಉದ್ದ ನೋಡಿ, ತುಂಬುವ ಮೊದಲೇ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಬಿಸಾಡುವುದು. ಕಳಿಸುವವನು ಎಚ್ಚೆತ್ತು ನಿಧಾನಿಸುತ್ತಾನೆ. ವಿಚಾರ ಬಂಗಾರದಂಥದ್ದು. ಆದರೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಲೈನಿಗೆ ತಕ್ಕಂತೆ ತಿರುಗಿಸಬೇಕಾದ ತಿರುಪುಗಳು ಜಾಸ್ತಿ. ಬಹಳ ಜನ ಅದನ್ನು ಚಾಲೂ ಮಾಡಲೇ ಇಲ್ಲ.

2012ರಲ್ಲಿ ಅದೇ ಜೇಕಬ್ಸನ್, ಕ್ಯಾಥ್ಲೀನ್ ನಿಕೋಲ್ಸ್ ಜೊತೆ 'ಕೋಡೆಲ್' ತಂದರು. ಇದು ಉದ್ದ ನೋಡುವುದಿಲ್ಲ, ಕಾದ ಹೊತ್ತು ನೋಡುತ್ತದೆ. 100 ಮಿಲಿಸೆಕೆಂಡಿನಲ್ಲಿ ಅತಿ ಕಡಿಮೆ ಕಾದ ಪ್ಯಾಕೆಟ್ಟೂ 5 ಮಿಲಿಸೆಕೆಂಡ್ ಮೀರಿ ಕಾದಿದ್ದರೆ ಒಂದನ್ನು ಬಿಸಾಡುತ್ತದೆ. ಆಗಲೂ ತಗ್ಗದಿದ್ದರೆ ಬಿಸಾಡುವ ಅಂತರ ಕಿರಿದಾಗುತ್ತದೆ. ಯಾವ ಮ್ಯಾನೇಜರಿಗೂ ಅರ್ಥವಾಗುವ ಲೆಕ್ಕ ಇದು. ಒಂದನೇ ತಾರೀಖು ಪೆನ್ಶನ್ ರಶ್ಶು ಬಂದು ಮಧ್ಯಾಹ್ನಕ್ಕೆ ಕರಗಿದರೆ ಅದು ದೋಷವಲ್ಲ. ದಿನವಿಡೀ ಒಬ್ಬ ಗಿರಾಕಿಯೂ ಅರ್ಧ ಗಂಟೆ ಕಾಯದೆ ಕೆಲಸ ಮುಗಿಸಲಿಲ್ಲ ಅಂದರೆ, ಆಗ ಕೌಂಟರಿನ ಹಿಂದೆ ಏನೋ ತಪ್ಪಿದೆ.

ನನ್ನ ಓಟು ಮಾತ್ರ ಇನ್ನೊಂದು ಹೆಜ್ಜೆ ಮುಂದಿನ 'ಎಫ್‌ಕ್ಯೂ-ಕೋಡೆಲ್'ಗೆ. ಇದರಲ್ಲಿ ಸಾಮಾನ್ಯವಾಗಿ 1024 ಸಾಲುಗಳು. ಅಮ್ಮನ ಮಾತಿನ ಸಣ್ಣ ಪೊಟ್ಟಣ ಮಗನ ಫೋಟೋ ಮೂಟೆಗಳ ಹಿಂದೆ ನಿಲ್ಲಬೇಕಿಲ್ಲ. ಕೊರತೆ ಇಲ್ಲವೇ? ಇದೆ. 1 ಎಂಬಿಪಿಎಸ್ ಲೈನಿನಲ್ಲಿ 1500 ಬೈಟಿನ ಒಂದು ಪ್ಯಾಕೆಟ್ ದಾಟಲಿಕ್ಕೇ 12 ಮಿಲಿಸೆಕೆಂಡ್ ಬೇಕು, ಅಲ್ಲಿ 5ರ ಗುರಿ ಹಾಸ್ಯಾಸ್ಪದ, ಅದನ್ನು ಏರಿಸಲೇಬೇಕು. ಇನ್ನು ಒಬ್ಬನೇ ಇಪ್ಪತ್ತು ಕನೆಕ್ಷನ್ ತೆರೆದರೆ ಇಪ್ಪತ್ತು ಪಾಲು ಅವನಿಗೇ, ನಾಲ್ಕು ಮಕ್ಕಳನ್ನು ನಾಲ್ಕು ಸಾಲಲ್ಲಿ ನಿಲ್ಲಿಸುವ ಗಿರಾಕಿಯ ಹಾಗೆ. 2018ರಲ್ಲಿ ಲಿನಕ್ಸ್ ಸೇರಿದ 'ಕೇಕ್' ಒಂದೊಂದು ಯಂತ್ರಕ್ಕೂ ಸಮಪಾಲು ಕೊಟ್ಟು ಇದನ್ನೂ ಸರಿಪಡಿಸಬಲ್ಲದು.

ಸ್ಪೀಡ್ ಟೆಸ್ಟ್ ನೋಡಿ ಮೋಸಹೋಗಬೇಡಿ. ಸುಮ್ಮನಿದ್ದಾಗ ಒಮ್ಮೆ ಪಿಂಗ್ ಮಾಡಿ, ದೊಡ್ಡ ಅಪ್‌ಲೋಡ್ ಓಡುವಾಗ ಇನ್ನೊಮ್ಮೆ. ನಮ್ಮಲ್ಲಿ 25 ಇದ್ದದ್ದು 600 ದಾಟುತ್ತಿತ್ತು. ಓಪನ್‌ಡಬ್ಲ್ಯುಆರ್‌ಟಿ ಹಾಕಿದ ಹಳೇ ಡಬ್ಬದಲ್ಲಿ ವೇಗವನ್ನು ಲೈನಿಗಿಂತ ಹತ್ತು ಶೇಕಡ ತಗ್ಗಿಸಿ ಕಟ್ಟಿದ ಮೇಲೆ 40ರ ಒಳಗೇ ಇದೆ. ತಗ್ಗಿಸದಿದ್ದರೆ ಕ್ಯೂ ಕಂಪನಿಯ ಮೋಡೆಮ್ಮಿನಲ್ಲೇ ಬೆಳೆಯುತ್ತದೆ, ನಿಮ್ಮ ಡಬ್ಬ ಸುಮ್ಮನೆ ನೋಡುತ್ತಿರುತ್ತದೆ. ನಿಮ್ಮಲ್ಲಿ ಎಷ್ಟು ಬಂತು, ಬರೆಯಿರಿ.