ಇಳಿವಯಸ್ಸಿಗೆ ಸ್ವಾಧ್ಯಾಯ ಬೇಡವೇ?

‘ಅರವತ್ತಕ್ಕೆ ಅರುಳು ಮರುಳು’ ಎಂಬ ಗಾದೆಯನ್ನು ಸಮಾಜವು ಶಾಸ್ತ್ರವಾಕ್ಯಕ್ಕಿಂತ ಗಟ್ಟಿಯಾಗಿ ನಂಬಿದಂತಿದೆ. ಮಕ್ಕಳಿಗೆ ಪಾಠಶಾಲೆಯುಂಟು, ತರುಣರಿಗೆ ವಿದ್ಯಾರ್ಥಿನಿಲಯವುಂಟು. ಹಿರಿಯರಿಗೆ ಬಸದಿಯ ಜಗಲಿಯೊಂದೇ. ಜಪಮಾಲೆ ಹಿಡಿದು ಕುಳಿತರೆ ಸಾಕು, ಇನ್ನು ಕಲಿಯುವುದೇನಿದೆ ಎಂಬ ಧೋರಣೆಯು ಗೌರವದ ಸೋಗಿನಲ್ಲಿರುವ ಅನಾದರವೇ ಸರಿ.

ವಾಸ್ತವವಾಗಿ ಕಲಿಕೆಯ ಅಗತ್ಯ ಮುಪ್ಪಿನಲ್ಲಿಯೇ ಹೆಚ್ಚು. ಪತಿವಿಯೋಗವಾದ ವೃದ್ಧೆಯ ಮುಂದೆ ಶೋಕದೊಡನೆ ಬ್ಯಾಂಕಿನ ಕಾಗದ, ಪಹಣಿ, ಪೌತಿ ಖಾತೆಯ ಅರ್ಜಿಗಳೂ ಬಂದು ನಿಲ್ಲುತ್ತವೆ. ಒಳಗೇನಿದೆಯೆಂದು ತಿಳಿಯದೆ, ತೋರಿಸಿದ ಕಡೆ ಆಕೆ ರುಜು ಹಾಕುತ್ತಾಳೆ. ಅಂಗಡಿಯನ್ನು ಮಗನಿಗೊಪ್ಪಿಸಿದ ವ್ಯಾಪಾರಿಗೆ ಹಗಲೇ ಭಾರವಾಗುತ್ತದೆ. ಇಬ್ಬರಿಗೂ ದೊರೆಯುವ ಉಪದೇಶ ಒಂದೇ: ‘ಎಲ್ಲವೂ ಕರ್ಮಫಲ, ಸಹಿಸಿಕೊಳ್ಳಿ.’ ಅಶರಣ ಭಾವನೆಯು ತನ್ನ ಆತ್ಮದ ಕುರಿತು ತಾನೇ ಮಾಡಬೇಕಾದ ಚಿಂತನೆ. ಪರರ ಸಂಕಟದೆದುರು ಕೈಕಟ್ಟಿ ನಿಲ್ಲಲು ಅದನ್ನು ನೆವಮಾಡಿಕೊಳ್ಳುವುದು ಧರ್ಮಕ್ಕೆ ಬಗೆಯುವ ದ್ರೋಹ.

ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ಆಭ್ಯಂತರ ತಪಸ್ಸುಗಳಲ್ಲಿ ಎಣಿಸಿ, ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂಬ ಐದು ಅಂಗಗಳನ್ನು ಹೇಳಿದೆ. ಎರಡನೆಯದಾದ ಪೃಚ್ಛನೆಯೆಂದರೆ ಸಂದೇಹವನ್ನು ಕೇಳಿ ತಿಳಿಯುವುದು. ಜೀವನವಿಡೀ ಪುರಾಣಶ್ರವಣ ಮಾಡಿದ ಹಿರಿಯರಿಗೆ ಒಮ್ಮೆಯಾದರೂ ಪ್ರಶ್ನಿಸುವ ಅವಕಾಶವನ್ನು ಎಷ್ಟು ಬಸದಿಗಳು ಕೊಟ್ಟಿವೆ?

ವೃದ್ಧರು ಕಲಿಯಲಾರರೆಂಬ ವಾದಕ್ಕೆ ನೆರೆಯ ಕೇರಳ ಉತ್ತರ ಕೊಟ್ಟಿದೆ. ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮನವರು 2018ರಲ್ಲಿ, 96ರ ವಯಸ್ಸಿನಲ್ಲಿ, ರಾಜ್ಯದ ಸಾಕ್ಷರತಾ ಪರೀಕ್ಷೆಗೆ ಕುಳಿತು 100ಕ್ಕೆ 98 ಅಂಕ ಗಳಿಸಿದರು. ಕೊಲ್ಲಂ ಜಿಲ್ಲೆಯ ಭಾಗೀರಥಿ ಅಮ್ಮನವರು 105ರ ವಯಸ್ಸಿನಲ್ಲಿ ನಾಲ್ಕನೆಯ ತರಗತಿಗೆ ಸಮಾನವಾದ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಸಾಮರ್ಥ್ಯ ಮೊದಲೇ ಇತ್ತು. ಕಲಿಸುವವರು ತಡವಾಗಿ ದೊರೆತರು.

ಬ್ಯಾಂಕು, ಉಯಿಲು, ಔಷಧದ ಚೀಟಿಗಳೆಲ್ಲ ಲೌಕಿಕ, ಬಸದಿಗೆ ಸಲ್ಲದು ಎಂದು ಆಡಳಿತ ಮಂಡಳಿಗಳು ಆಕ್ಷೇಪಿಸಬಹುದು. ಹಾಗಾದರೆ ಆಹಾರದಾನ, ಔಷಧದಾನಗಳೂ ಲೌಕಿಕವೇ? ಮೋಸಹೋಗುವ ಭೀತಿಯಿಂದ ವೃದ್ಧೆಯನ್ನು ಬಿಡಿಸುವುದು ಅಭಯದಾನವಲ್ಲವೇ? ಅಚ್ಚುಹಾಕಿಸಿದ ಗ್ರಂಥಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಶಾಸ್ತ್ರದಾನವಾಗುವುದೇ?

ಅಷ್ಟಮಿ, ಚತುರ್ದಶಿಗಳಂದು ಎರಡು ಗಂಟೆಗಳ ಕಾಲ ಸಭಾಭವನ ಹಿರಿಯರ ಸ್ವಾಧ್ಯಾಯಕ್ಕೆ ತೆರೆದಿರಲಿ. ದಪ್ಪ ಅಕ್ಷರದ ಪುಸ್ತಕಗಳು, ಓದಿ ಹೇಳುವ ಒಬ್ಬ ತರುಣ, ವ್ಯವಹಾರ ಬಲ್ಲ ಒಬ್ಬ ಶ್ರಾವಕ ಇದ್ದರೆ ಸಾಕು. ಇದರ ವೆಚ್ಚವು ಒಂದು ಉತ್ಸವದ ಶಾಮಿಯಾನದ ಬಾಡಿಗೆಯನ್ನೂ ಮುಟ್ಟಲಾರದು. ಸಮಾಧಿಮರಣವನ್ನು ಕೊಂಡಾಡುವ ಸಮಾಜವು ಒಂದು ಮಾತನ್ನು ಅರಿಯಬೇಕು: ಅದಕ್ಕೆ ಬೇಕಾದ ಸಮಭಾವವು ಕೊನೆಯ ದಿನಗಳಲ್ಲಿ ತಾನಾಗಿ ಒದಗುವುದಿಲ್ಲ, ಅದನ್ನೂ ಕಲಿಯಬೇಕು, ಕಲಿಸಬೇಕು.