ರಕ್ತಪರೀಕ್ಷೆಗೇ ನಿಲ್ಲದಿರಲಿ ಕಾಳಜಿ

ಪಾರ್ಶ್ವವಾಯು ಎಂದೊಡನೆ ನಮಗೆ ನೆನಪಾಗುವುದು ರಕ್ತದೊತ್ತಡ, ಮಧುಮೇಹಗಳಿಂದ ಬಳಲಿದ ಹಿರಿಯರು. ಆರೇಳು ವರ್ಷದ ಮಗುವಿಗೂ ಲಕ್ವ ಹೊಡೆಯಬಹುದೆಂಬುದು ಬಹುಮಂದಿಗೆ ತಿಳಿಯದು. ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಅನೀಮಿಯಾ ಇರುವ ಮಕ್ಕಳಿಗೆ ಈ ಅಪಾಯ ಸದಾ ಬೆನ್ನಿಗಿರುತ್ತದೆ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುವ ಈ ಆನುವಂಶಿಕ ಕಾಯಿಲೆ ನಮ್ಮ ಭಾಗಕ್ಕೆ ಹೊಸತಲ್ಲ. ಭಾರತದಲ್ಲಿ ಅದನ್ನು 1952ರಲ್ಲಿ ಮೊದಲು ಗುರುತಿಸಿದ್ದೇ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ. ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲಿಯೂ ಅದು ಇದೆ.

2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 40 ವರ್ಷದೊಳಗಿನವರ ರಕ್ತ ತಪಾಸಣೆ ನಡೆಸಿ ಫಲಿತಾಂಶದ ಕಾರ್ಡ್ ನೀಡುವುದು ಅದರ ಮುಖ್ಯ ಕೆಲಸ. ಇದು ಸ್ವಾಗತಾರ್ಹ. ಆದರೆ ಮಗುವಿಗೆ ಕಾಯಿಲೆ ಇದೆ ಎಂದಷ್ಟೇ ಕಾರ್ಡ್ ಹೇಳಬಲ್ಲದು. ಆ ಮಗುವಿನ ಮಿದುಳು ಅಪಾಯದಲ್ಲಿದೆಯೇ ಎಂಬುದನ್ನು ಹೇಳಲಾರದು. ಅದಕ್ಕೆ ಬೇರೆಯದೇ ಪರೀಕ್ಷೆ ಬೇಕು.

ಅದೇ ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್. ಶಬ್ದದ ಮೂಲ ಚಲಿಸಿದಾಗ ಅದರ ಸ್ವರ ಬದಲಾದಂತೆ ಕೇಳುತ್ತದೆ ಎಂಬ ತತ್ತ್ವವನ್ನು ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಮಂಡಿಸಿದ. ಅದನ್ನು 1982ರಲ್ಲಿ ಮಿದುಳಿನ ರಕ್ತನಾಳಗಳಿಗೆ ಅನ್ವಯಿಸಿ ತೋರಿಸಿದವರು ರೂನ್ ಆಸ್ಲಿಡ್ ಮತ್ತು ಸಂಗಡಿಗರು. ಕಣತಲೆಯ ತೆಳುವಾದ ಮೂಳೆಯ ಮೂಲಕ ಶ್ರವಣಾತೀತ ತರಂಗಗಳನ್ನು ಹಾಯಿಸಿ ರಕ್ತದ ವೇಗವನ್ನು ಅಳೆಯಲಾಗುತ್ತದೆ. ಕೊಳವೆಯ ಬಾಯಿಯನ್ನು ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ರಭಸದಿಂದ ಚಿಮ್ಮುತ್ತದೆ. ನಾಳ ಕಿರಿದಾದಾಗ ರಕ್ತದ ವೇಗ ಏರುವುದೂ ಹಾಗೆಯೇ. ಸರಾಸರಿ ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ಮುಟ್ಟಿದರೆ ಅದು ಅಪಾಯದ ಸೂಚನೆ. ಸೂಜಿಯಿಲ್ಲ, ವಿಕಿರಣವಿಲ್ಲ, ಮಗು ಕೆಲಹೊತ್ತು ಅಲುಗಾಡದೆ ಮಲಗಿದರೆ ಸಾಕು.

ಇದರ ಪ್ರಯೋಜನ ಊಹೆಯ ಮಾತಲ್ಲ. ಈ ಪರೀಕ್ಷೆಯಲ್ಲಿ ಅಪಾಯ ಕಂಡುಬಂದ 130 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ನಿಯಮಿತವಾಗಿ ರಕ್ತ ಪಡೆದ ಮಕ್ಕಳಲ್ಲಿ ಪಾರ್ಶ್ವವಾಯುವಿನ ಸಂಭವ ಶೇ 90ಕ್ಕೂ ಹೆಚ್ಚು ಇಳಿದಿತ್ತು. 2ರಿಂದ 16 ವರ್ಷದ ರೋಗಪೀಡಿತ ಮಕ್ಕಳಿಗೆ ಅಲ್ಲಿ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಬೇಕೆಂಬುದು ತಜ್ಞರ ಶಿಫಾರಸು.

ಭಾರತದಲ್ಲಿ ಈ ಕಾಯಿಲೆಯ ತೀವ್ರತೆ ಆಫ್ರಿಕಾ ಮೂಲದವರಲ್ಲಿರುವುದಕ್ಕಿಂತ ಕಡಿಮೆ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಒಟ್ಟಾರೆ ಅಪಾಯ ಕಡಿಮೆ ಎಂಬುದು ಅಪಾಯದಲ್ಲಿರುವ ಒಂದು ಮಗುವಿಗೆ ಸಮಾಧಾನವಾಗದು; ಆ ಮಗು ಯಾವುದೆಂದು ಪರೀಕ್ಷಿಸದೆ ತಿಳಿಯದು. ತಿಂಗಳು ತಿಂಗಳೂ ರಕ್ತ ಕೊಡಿಸುವುದು ಹಾಡಿಯ ಕುಟುಂಬಕ್ಕೆ ಸಾಧ್ಯವೇ ಎಂಬ ಪ್ರಶ್ನೆಯೂ ಸಹಜ. ಅದು ಸಾಧ್ಯವಾಗದ ಕಡೆ ಹೈಡ್ರಾಕ್ಸಿಯೂರಿಯಾ ಮಾತ್ರೆಯನ್ನು ಬಳಸಬಹುದೆಂದು ಅಮೆರಿಕದ ರಕ್ತರೋಗ ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ ಹೇಳಿದೆ.

ಮೈಸೂರಿಗೆ ಇಲ್ಲಿ ವಿಶೇಷ ಹೊಣೆಯಿದೆ. 1924ರಲ್ಲಿ ಸ್ಥಾಪನೆಯಾದ ವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಕೆ.ಆರ್. ಆಸ್ಪತ್ರೆ ಈ ನಗರದಲ್ಲಿವೆ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೂ ಇಲ್ಲಿಯೇ ಇದೆ. ಕಳೆದ ಮಾತನ್ನು ಮರಳಿ ತರುವ ಶ್ರಮಕ್ಕೆ ಹೋಲಿಸಿದರೆ ಅದು ಕಳೆಯದಂತೆ ಕಾಯುವುದು ಸುಲಭ. ಸುಮಾರು 50 ಕಿ.ಮೀ. ದೂರದ ಎಚ್.ಡಿ. ಕೋಟೆಯ ಆಚೆಗಿರುವ ಹಾಡಿಯವರಿಗೆ ನಗರದ ಆಸ್ಪತ್ರೆಗೆ ಬಂದುಹೋಗುವುದೆಂದರೆ ಒಂದು ದಿನದ ಕೂಲಿ ನಷ್ಟ. ಆದ್ದರಿಂದ ಯಂತ್ರವೊಂದಿದ್ದರೆ ಸಾಲದು. ಈ ಮಕ್ಕಳಿಗೆಂದೇ ದಿನ ಗೊತ್ತುಪಡಿಸಬೇಕು, ವಾಹನ ಒದಗಿಸಬೇಕು, ತಾಯಿತಂದೆಯರ ಅಂದಿನ ಕೂಲಿ ತುಂಬಿಕೊಡಬೇಕು. ಪರೀಕ್ಷೆಯ ಫಲಿತಾಂಶ ಅದೇ ಕಾರ್ಡಿನಲ್ಲಿ ದಾಖಲಾಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ತಪ್ಪದೆ ಸಿಗಬೇಕು.

ಕಾಯಿಲೆಯ ಹೆಸರು ಬರೆದ ಕಾರ್ಡನ್ನು ಕೈಗಿತ್ತು ಮುಂದಿನದನ್ನು ವಿಧಿಗೆ ಬಿಡುವುದು ಆರೋಗ್ಯ ಸೇವೆ ಎನಿಸದು. ಗುರುತಿಸಿದ ಪ್ರತಿ ಮಗುವಿನ ಮಿದುಳಿನ ರಕ್ತಸಂಚಾರ ವರ್ಷಕ್ಕೊಮ್ಮೆ ಪರೀಕ್ಷೆಗೆ ಒಳಪಡಲಿ. ಜಿಲ್ಲಾಡಳಿತ ಮತ್ತು ಆರೋಗ್ಯ ಇಲಾಖೆ ಈ ಕೆಲಸಕ್ಕೆ ತಡಮಾಡಬಾರದು.